ಮನೆಯಲ್ಲೇ ಉಗುರುಬಣ್ಣ: ಗೋರಂಟಿಯೋ, ಹಳೆ ಬಾಟ್ಲಿಯೋ, ಮೈಕಾ ಪುಡಿಯೋ?

ಉಗುರಿಗೆ ಯಾವ ಬಣ್ಣ ಅಂತ ಕೇಳುವ ಮೊದಲು, ಆ ಕೈ ದಿನವಿಡೀ ಏನು ಕೆಲಸ ಮಾಡುತ್ತದೆ ಅಂತ ಕೇಳಬೇಕು. ದಿನಾ ರೊಟ್ಟಿ ತಟ್ಟಿ, ಪಾತ್ರೆ ತೊಳೆಯುವ ಕೈಗೆ ಹೊಂದುವುದು ಒಂದು. ಕಾಲೇಜಿಗೆ ಹೋಗುವ ಹುಡುಗಿಗೆ ಹೊಂದುವುದು ಇನ್ನೊಂದು. ನಾಡಿದ್ದು ಮದುವೆ, ಸೀರೆಗೆ ಮ್ಯಾಚ್ ಆಗುವ ಬಣ್ಣ ದಾವಣಗೆರೆಯ ಮಂಡಿಪೇಟೆ ಪೂರ್ತಿ ಸುತ್ತಿದರೂ ಸಿಗಲಿಲ್ಲ ಅನ್ನುವವರ ಕಥೆಯೇ ಬೇರೆ. ಮನೆಯಲ್ಲಿ ಉಗುರುಬಣ್ಣ ಮಾಡಿಕೊಳ್ಳುವ ದಾರಿಗಳು ನಾಲ್ಕೈದು ಇವೆ. ಎಲ್ಲವೂ ಎಲ್ಲರಿಗೂ ಅಲ್ಲ. ಒಂದೆರಡಂತೂ ಯಾರಿಗೂ ಬೇಡ.

ಆ ಬೇಡದ್ದನ್ನೇ ಮೊದಲು ಹೇಳಿಬಿಡುತ್ತೇನೆ. ನೇಲ್ ಪಾಲಿಶ್ ಅನ್ನು ಬುಡದಿಂದ ಮನೆಯಲ್ಲಿ ಮಾಡಲು ಹೋಗಬೇಡಿ. ಅಂಗಡಿಯ ಬಾಟ್ಲಿಯಲ್ಲಿ ಉಗುರಿನ ಮೇಲೆ ಪದರ ಕಟ್ಟುವುದು ನೈಟ್ರೋಸೆಲ್ಯುಲೋಸ್. ಅದನ್ನು ಕರಗಿಸಿ ಇಡುವುದು, ಹಚ್ಚಿದ ಮೇಲೆ ಗಾಳಿಗೆ ಹಾರಿಹೋಗುವುದು ಈಥೈಲ್ ಅಸಿಟೇಟ್ ಮತ್ತು ಬ್ಯೂಟೈಲ್ ಅಸಿಟೇಟ್. ಪದರ ಬಿರುಕು ಬಿಡದಿರಲಿ ಅಂತ ಪ್ಲಾಸ್ಟಿಸೈಜರ್, ಗಟ್ಟಿ ಹಿಡಿದು ಹೊಳೆಯಲಿ ಅಂತ ರೆಸಿನ್. ಇಷ್ಟೆಲ್ಲ ಆದಮೇಲೆ ಬಣ್ಣ. ಈ ನೈಟ್ರೋಸೆಲ್ಯುಲೋಸ್ ಹುಟ್ಟುವುದು ಹತ್ತಿ ಅಥವಾ ಮರದ ನಾರಿನಿಂದ. ದಾವಣಗೆರೆ ಹತ್ತಿ ಮಿಲ್ಲುಗಳಿಂದ ಹೆಸರಾದ ಊರು, ಹತ್ತಿ ನಮಗೆ ಹೊಸದಲ್ಲ. ಆದರೆ ಅದೇ ಹತ್ತಿಗೆ ನೈಟ್ರಿಕ್ ಆಸಿಡ್, ಸಲ್ಫ್ಯೂರಿಕ್ ಆಸಿಡ್ ಸೇರಿ, ನೈಟ್ರೋಜನ್ ಸ್ವಲ್ಪ ಜಾಸ್ತಿ ಹಿಡಿದರೆ ಅದು ಗನ್‌ಕಾಟನ್, ಅಂದರೆ ಸಿಡಿಮದ್ದು. ಇದು ಅಡುಗೆಮನೆಯ ಕೆಲಸ ಅಲ್ಲ.

ಹಾಗಾಗಿ ಬೇಸ್, ಅಂದರೆ ಬಣ್ಣ ಹಿಡಿದಿಡುವ ಆ ದ್ರವ, ಅಂಗಡಿಯದ್ದು. ಬಣ್ಣ ನಮ್ಮದು. ಮನೆಯಲ್ಲಿ ಮಾಡಿದ ಪಾಲಿಶ್ ಅಂತ ಯಾರು ಏನೇ ತೋರಿಸಿದರೂ ಸಾಮಾನ್ಯವಾಗಿ ನಡೆದಿರುವುದು ಇಷ್ಟೇ. ಇದಕ್ಕೆ ಹೊರತಾದದ್ದು ಗೋರಂಟಿ ಒಂದೇ.

ಇನ್ನೊಂದು ಮಾತು. ಕೆಮಿಕಲ್ ಬೇಡ ಅಂತಲೇ ಮನೆಯಲ್ಲಿ ಮಾಡಿಕೊಳ್ಳಲು ಹೊರಟಿದ್ದರೆ, ಬಾಟ್ಲಿಗೆ ಬಣ್ಣ ಬೆರೆಸುವ ದಾರಿಗಳಿಂದ ನಿಮಗೆ ಲಾಭ ಇಲ್ಲ. ಬೇಸ್ ಅದೇ ಅಲ್ವಾ? ಪಾಲಿಶ್‌ನ ರೆಸಿನ್ ಕೆಲವರಿಗೆ ಅಲರ್ಜಿ ಮಾಡುತ್ತದೆ. ವಿಚಿತ್ರ ಏನೆಂದರೆ ಅದು ಎಷ್ಟೋ ಸಲ ಬೆರಳಿನಲ್ಲಿ ಕಾಣಿಸುವುದೇ ಇಲ್ಲ. ಕಣ್ಣಿನ ರೆಪ್ಪೆ, ಕತ್ತು, ಕೆನ್ನೆ ಕೆಂಪಾಗಿ ತುರಿಸುತ್ತವೆ, ಯಾಕೆಂದರೆ ಕೈ ಆಗಾಗ ಹೋಗುವುದು ಅಲ್ಲಿಗೇ. ಕಾರಣ ಗೊತ್ತಾಗದೆ ರೆಪ್ಪೆ ತುರಿಸುತ್ತಿದ್ದರೆ ಕಾಡಿಗೆಯನ್ನು ಬೈಯುವ ಮೊದಲು ಉಗುರು ನೋಡಿಕೊಳ್ಳಿ.

ಗೋರಂಟಿ: ಕೆಲಸದ ಕೈಗೆ ಇದೇ ಸರಿ

ಗೋರಂಟಿ ಅನ್ನಿ, ಮದರಂಗಿ ಅನ್ನಿ, ಮೆಹಂದಿ ಅನ್ನಿ, ಉಗುರಿನ ಮೇಲೆ ಅದು ಪದರ ಕಟ್ಟುವುದಿಲ್ಲ. ಎಲೆಯಲ್ಲಿರುವ ಲಾಸೋನ್ ಅನ್ನುವ ಬಣ್ಣ ಉಗುರಿನ ಕೆರಾಟಿನ್ ಅನ್ನುವ ಪ್ರೋಟೀನ್‌ಗೇ ಹೋಗಿ ಹಿಡಿದುಕೊಳ್ಳುತ್ತದೆ. ಪದರವೇ ಇಲ್ಲದ ಮೇಲೆ ಚಕ್ಕೆ ಏಳುವ ಮಾತೂ ಇಲ್ಲ. ಜೋಳದ ಹಿಟ್ಟು ನಾದಿ, ರೊಟ್ಟಿ ತಟ್ಟಿ, ಸೋಪಿನ ಪುಡಿಯಲ್ಲಿ ಬಟ್ಟೆ ತಿಕ್ಕಿದರೂ ಬಣ್ಣ ಇದ್ದಲ್ಲೇ ಇರುತ್ತದೆ. ಹಿಟ್ಟಿಗೆ ಬಣ್ಣದ ಚೂರು ಬೀಳುವ ಹೆದರಿಕೆಯೂ ಇಲ್ಲ. ನಮಾಜ್‌ಗೆ ಮುಂಚೆ ವುಜೂ ಮಾಡುವವರು, ಅಂದರೆ ಕೈಕಾಲು ಮುಖ ತೊಳೆಯುವವರು, ಪಾಲಿಶ್ ಬಿಟ್ಟು ಮೆಹಂದಿ ಹಚ್ಚುವುದೂ ಇದಕ್ಕೇ. ಪಾಲಿಶ್ ಇದ್ದರೆ ನೀರು ಉಗುರಿಗೆ ತಾಗುವುದಿಲ್ಲ, ಮೆಹಂದಿಯಲ್ಲಿ ಆ ಅಡ್ಡಿ ಇಲ್ಲ.

ಹಸಿ ಎಲೆ ಸಿಕ್ಕರೆ ನುಣ್ಣಗೆ ಅರೆದು, ನಾಲ್ಕು ಹನಿ ನಿಂಬೆರಸ ಹಿಂಡಿ, ಒಂದೆರಡು ತಾಸು ಬಿಟ್ಟು ಹಚ್ಚಿ. ನಿಂಬೆಯ ಹುಳಿ ಬಣ್ಣವನ್ನು ಎಲೆಯಿಂದ ಬಿಡಿಸಿಕೊಡುತ್ತದೆ. ರಾತ್ರಿ ಕಟ್ಟಿಕೊಂಡು ಮಲಗಿದರೆ ಬೆಳಗ್ಗೆ ಕಿತ್ತಳೆ ಬಣ್ಣ. ಗಾಬರಿ ಬೇಡ, ಒಂದೆರಡು ದಿನ ಗಾಳಿ ಆಡಿದ ಮೇಲೆ ಅದೇ ಇಟ್ಟಿಗೆ ಕೆಂಪಿಗೆ ತಿರುಗುತ್ತದೆ. ತೆಗೆದ ತಕ್ಷಣ ಸೋಪು ಹಾಕಿ ತಿಕ್ಕಬೇಡಿ. ಒಂದು ಹನಿ ಕೊಬ್ಬರಿ ಎಣ್ಣೆ ಸವರಿ ಸುಮ್ನೆ ಬಿಡಿ.

ಇದರ ತೊಂದರೆಯೂ ಅಲ್ಲೇ ಇದೆ: ತೆಗೆಯಲು ಬರುವುದಿಲ್ಲ. ಕೈಯ ಉಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್ ಬೆಳೆಯುತ್ತದೆ. ಬುಡದಿಂದ ತುದಿಯವರೆಗೆ ಪೂರ್ತಿ ಹೊಸ ಉಗುರು ಬರಲು ಆರು ತಿಂಗಳಾದರೂ ಬೇಕು. ನಾಗರಪಂಚಮಿಗೆ ಹಚ್ಚಿದ್ದು ಸಂಕ್ರಾಂತಿ ಹೊತ್ತಿಗೂ ತುದಿಯಲ್ಲಿ ಅರ್ಧಚಂದ್ರದ ಹಾಗೆ ಉಳಿದಿರುತ್ತದೆ. ಕೆಲವರಿಗೆ ಅದು ಚಂದ ಕಾಣುತ್ತದೆ, ಕೆಲವರಿಗೆ ಕಿರಿಕಿರಿ. ಬಣ್ಣದ ಆಯ್ಕೆಯೂ ಇಲ್ಲ, ಕಿತ್ತಳೆಯಿಂದ ಕಂದುಗೆಂಪಿನವರೆಗೆ ಅಷ್ಟೇ. ಗುಲಾಬಿ ಬೇಕು, ನೀಲಿ ಬೇಕು ಅನ್ನುವವರು ಮುಂದಿನ ದಾರಿ ನೋಡಬೇಕು.

ಎರಡು ಎಚ್ಚರಿಕೆ. ಕಪ್ಪು ಮೆಹಂದಿ ಅಂತ ಮಾರುವುದರಲ್ಲಿ ಸಾಮಾನ್ಯವಾಗಿ ಪಿಪಿಡಿ ಅನ್ನುವ ಕೂದಲಿನ ಡೈ ಇರುತ್ತದೆ. ಚರ್ಮ ಬೊಬ್ಬೆ ಬರುವಷ್ಟು ಅಲರ್ಜಿ ಅದರಿಂದ ಆಗಬಹುದು. ಹತ್ತು ನಿಮಿಷದಲ್ಲೇ ಗಾಢ ಬಣ್ಣ ಕೊಡುವ ಕೋನ್ ಮೇಲೂ ಅನುಮಾನ ಇರಲಿ, ಎಲೆ ಅಷ್ಟು ಬೇಗ ಬಣ್ಣ ಬಿಡುವುದಿಲ್ಲ. ಎರಡನೆಯದು ಮಕ್ಕಳ ವಿಷಯ. ಜಿ6ಪಿಡಿ ಅನ್ನುವ ಕಿಣ್ವದ (ಎಂಜೈಮ್) ಕೊರತೆ ಹುಟ್ಟಿನಿಂದಲೇ ಇರುವ ಮಕ್ಕಳಿಗೆ ಅಪ್ಪಟ ಗೋರಂಟಿಯೂ ಕೆಡುಕು, ರಕ್ತದ ಕೆಂಪು ಕಣಗಳು ಒಡೆಯುತ್ತವೆ. ಮನೆಯಲ್ಲಿ ಯಾರಿಗಾದರೂ ಈ ಕೊರತೆ ಇದೆ ಅಂತ ಡಾಕ್ಟರ್ ಹೇಳಿದ್ದರೆ ಕೂಸಿನ ಕೈಗೆ ಹಚ್ಚಲೇಬೇಡಿ.

ಹಳೆ ಬಾಟ್ಲಿಗಳನ್ನು ಬೆರೆಸುವುದು: ಖರ್ಚಿಲ್ಲದ ದಾರಿ

ನನ್ನನ್ನು ಕೇಳಿದರೆ ಹೊಸದಾಗಿ ಶುರು ಮಾಡುವವರಿಗೆ ಇದೇ ಒಳ್ಳೆಯದು. ಎಲ್ಲರ ಮನೆಯ ಕನ್ನಡಿ ಹಿಂದೆಯೂ ಅರ್ಧ ಉಳಿದ ನಾಲ್ಕು ಬಾಟ್ಲಿ ಇದ್ದೇ ಇರುತ್ತವೆ. ಅವುಗಳಲ್ಲಿ ಬಣ್ಣ ತಳಕ್ಕೆ ಕೂರದಂತೆ ಹಿಡಿದಿಡುವ ಜೇಡಿಮಣ್ಣಿನ ಅಂಶವನ್ನು ಕಂಪನಿಯವರೇ ಹಾಕಿರುತ್ತಾರೆ. ಹಾಗಾಗಿ ಎರಡು ಪಾಲಿಶ್ ಬೆರೆಸಿದರೆ ಬರುವುದೂ ಸರಿಯಾದ ಪಾಲಿಶ್ಶೇ. ಪುಡಿ ಬೆರೆಸಿದ್ದಕ್ಕಿಂತ ಇದು ನಯವಾಗಿ ಹಚ್ಚಲು ಬರುತ್ತದೆ, ಜಾಸ್ತಿ ದಿನವೂ ಬಾಳುತ್ತದೆ.

ಬಿಳಿಗೆ ಕೆಂಪು ಹಾಕಿದರೆ ಗುಲಾಬಿ. ಆದರೆ ಕೆಂಪನ್ನು ಹನಿಯ ಲೆಕ್ಕದಲ್ಲಿ ಹಾಕಿ. ಕೆಂಪು ಬಣ್ಣ ಬಲು ಜೋರು, ನಾಲ್ಕು ಹನಿಗೇ ಬಿಳಿಯನ್ನು ನುಂಗಿಬಿಡುತ್ತದೆ. ಕಪ್ಪಂತೂ ಹಲ್ಲುಕಡ್ಡಿ ತುದಿಯಷ್ಟು ಸಾಕು. ಗಾಢ ಕೆಂಪನ್ನು ರೇಷ್ಮೆ ಸೀರೆಯ ಮರೂನ್‌ಗೆ ತರಬೇಕಾದರೆ ಕಪ್ಪಿಗಿಂತ ಕಡುನೀಲಿಯ ಒಂದೆರಡು ಹನಿ ಹಾಕಿ ನೋಡಿ. ಕಪ್ಪು ಹಾಕಿದರೆ ಬಣ್ಣ ಸತ್ತಂತೆ ಕಾಣುತ್ತದೆ, ನೀಲಿ ಹಾಕಿದರೆ ಆಳ ಬರುತ್ತದೆ. ಮೊದಲು ಹಳೆ ಸ್ಟೀಲ್ ಚಮಚದಲ್ಲಿ ನಾಲ್ಕಾರು ಹನಿ ಬೆರೆಸಿ, ಸೀರೆಯ ಅಂಚಿನ ಪಕ್ಕ ಹಗಲು ಬೆಳಕಿನಲ್ಲಿ ಹಿಡಿಯಿರಿ. ಟ್ಯೂಬ್‌ಲೈಟ್ ಕೆಳಗೆ ಸರಿ ಕಂಡದ್ದು ಬಿಸಿಲಿಗೆ ಬೇರೆಯೇ ಇರುತ್ತದೆ. ಹನಿಯ ಲೆಕ್ಕ ಒಂದು ಚೀಟಿಯಲ್ಲಿ ಬರೆದಿಡಿ. ಇಲ್ಲದಿದ್ದರೆ ಅದೇ ಬಣ್ಣ ಎರಡನೇ ಸಲ ಬರುವುದಿಲ್ಲ.

ಬಳಸಿ ಬಿಸಾಡುವ ಪ್ಲಾಸ್ಟಿಕ್ ಲೋಟ, ಥರ್ಮಾಕೋಲ್ ತಟ್ಟೆಯಲ್ಲಿ ಬೆರೆಸಬೇಡಿ. ಅಸಿಟೇಟ್ ಅದನ್ನೇ ಕರಗಿಸಿ ಬಣ್ಣದ ಜೊತೆ ಸೇರಿಸುತ್ತದೆ. ಗಾಜು ಅಥವಾ ಸ್ಟೀಲ್ ಇರಲಿ.

ಬಾಟ್ಲಿ ಗಟ್ಟಿಯಾಗಿದ್ದರೆ ತುಂಬಾ ಜನ ಮಾಡುವುದು ರಿಮೂವರ್ ಸುರಿಯುವುದು. ಆಗ ತೆಳುವಾದ ಹಾಗೆ ಕಾಣುತ್ತದೆ, ನಿಜ. ಆದರೆ ರಿಮೂವರ್‌ನಲ್ಲಿ ಅಸಿಟೋನ್ ಜೊತೆ ನೀರು, ಎಣ್ಣೆ, ಸುವಾಸನೆ ಎಲ್ಲ ಇರಬಹುದು. ಪದರ ಸಪ್ಪೆಯಾಗುತ್ತದೆ, ಎರಡೇ ದಿನಕ್ಕೆ ಏಳುತ್ತದೆ. ನೇಲ್ ಪಾಲಿಶ್ ಥಿನ್ನರ್ ಅಂತಲೇ ಬೇರೆ ಸಿಗುತ್ತದೆ, ಅದನ್ನು ಎರಡು ಮೂರು ಹನಿ ಹಾಕಿ. ಬಾಗಿಲಿಗೆ ಬಣ್ಣ ಹೊಡೆಯುವವರ ಥಿನ್ನರ್ ಬೇಡ, ಅದರ ಹೊಗೆಯೇ ತಲೆನೋವು. ದಾರದ ಹಾಗೆ ಎಳೆಎಳೆಯಾಗಿ ಬರುವಷ್ಟು ಕೆಟ್ಟಿದ್ದರೆ ಥಿನ್ನರ್ ಹಾಕಿಯೂ ಉಪಯೋಗ ಇಲ್ಲ. ಜಾತ್ರೆಯಲ್ಲಿ ಕೊಂಡ, ಲೇಬಲ್ಲೇ ಇಲ್ಲದ ಬಾಟ್ಲಿಯನ್ನು ಒಳ್ಳೆಯದರ ಜೊತೆ ಬೆರೆಸಿದರೆ ಎರಡೂ ಹಾಳು.

ಪಾರ್ಲರ್‌ನ ಜೆಲ್ ಪಾಲಿಶ್ ಅನ್ನು ಮಾತ್ರ ಈ ಆಟಕ್ಕೆ ತರಬೇಡಿ. ಅದು ಒಣಗುವುದು ಗಾಳಿಗಲ್ಲ, ಯುವಿ ದೀಪಕ್ಕೆ. ಮಾಮೂಲಿ ಪಾಲಿಶ್ ಅಥವಾ ಪುಡಿ ಸೇರಿಸಿದರೆ ಬೆಳಕು ಒಳಗೆ ಇಳಿಯದೆ ಅರ್ಧಂಬರ್ಧ ಗಟ್ಟಿಯಾಗುತ್ತದೆ. ಜೆಲ್‌ನಲ್ಲಿ ಗಟ್ಟಿಯಾಗದೆ ಉಳಿದ ಅಕ್ರಿಲೇಟ್ ಅನ್ನುವ ಕೆಮಿಕಲ್ ಚರ್ಮಕ್ಕೆ ತಾಗಿದರೆ ಅಲರ್ಜಿ ಹತ್ತಬಹುದು. ಒಮ್ಮೆ ಹತ್ತಿದರೆ ಅದು ಬಿಟ್ಟುಹೋಗುವುದು ಕಷ್ಟ.

ಕ್ಲಿಯರ್ ಪಾಲಿಶ್‌ಗೆ ಪುಡಿ: ಇಷ್ಟದ ಬಣ್ಣ, ಸ್ವಲ್ಪ ತಾಪತ್ರಯ

ಬಣ್ಣವಿಲ್ಲದ ಪಾಲಿಶ್ ಒಂದು ಬಾಟ್ಲಿ ತಂದು, ಅದಕ್ಕೆ ಬೇಕಾದ ಪುಡಿ ಬೆರೆಸುವುದು ಮೂರನೇ ದಾರಿ. ದಾವಣಗೆರೆಯ ಚೌಕಿಪೇಟೆ ಕಡೆಗಾಗಲಿ, ಚಿತ್ರದುರ್ಗದ ಲಕ್ಷ್ಮೀ ಬಜಾರಿನಲ್ಲಾಗಲಿ ಕ್ಲಿಯರ್ ಪಾಲಿಶ್ ಹುಡುಕುವುದು ಕಷ್ಟ ಅಲ್ಲ. ಪ್ರಶ್ನೆ ಇರುವುದು ಯಾವ ಪುಡಿ ಅಂತ. ಇಲ್ಲೇ ಎಲ್ಲರೂ ಎಡವುವುದು.

ಸರಿಯಾದದ್ದು ಕಾಸ್ಮೆಟಿಕ್ ಗ್ರೇಡ್ ಮೈಕಾ ಪುಡಿ, ಅಂದರೆ ಅಭ್ರಕದ ಪುಡಿ. ನುಣ್ಣಗಿರುತ್ತದೆ, ಹಗುರ, ಹೊಳಪು ತಾನಾಗಿಯೇ ಬರುತ್ತದೆ. ರೆಸಿನ್ ಆರ್ಟ್ ಮಾಡುವವರಿಗೆ ಅಂತ ಮಾರುವ ಪುಡಿಯೂ ನೋಡಲು ಹಾಗೇ ಇರುತ್ತದೆ, ಆದರೆ ಅದರಲ್ಲಿ ಯಾವ ಡೈ ಸೇರಿದೆಯೋ. ಲೇಬಲ್ ಮೇಲೆ ಕಾಸ್ಮೆಟಿಕ್ ಅಂತ ಇದ್ದರೆ ಮಾತ್ರ ತಗೊಳ್ಳಿ.

ಐಶ್ಯಾಡೋ ಪುಡಿ ಮಾಡಿ ಹಾಕುವುದನ್ನು ತುಂಬಾ ಕಡೆ ತೋರಿಸುತ್ತಾರೆ. ನಡೆಯುತ್ತದೆ, ಆದರೆ ಒತ್ತಿ ಕೂರಿಸಿದ ಐಶ್ಯಾಡೋದಲ್ಲಿ ಸಾಮಾನ್ಯವಾಗಿ ಟಾಲ್ಕ್ ಇರುತ್ತದೆ, ಪುಡಿ ಉದುರದಿರಲಿ ಅಂತ ಎಣ್ಣೆಯಂಥ ಅಂಟೂ ಇರುತ್ತದೆ. ಅದು ಪಾಲಿಶ್‌ನಲ್ಲಿ ಗಂಟು ಕಟ್ಟುತ್ತದೆ, ಪದರವನ್ನೂ ಮೆತ್ತಗೆ ಮಾಡುತ್ತದೆ. ಒಡೆದುಹೋದ ಐಶ್ಯಾಡೋ ಮನೆಯಲ್ಲಿ ಬಿದ್ದಿದ್ದರೆ ಹಾಕಿ ನೋಡಿ. ಇದಕ್ಕೆಂದೇ ಹೊಸದು ಕೊಳ್ಳಬೇಡಿ.

ಕೇಕಿಗೆ ಹಾಕುವ ಫುಡ್ ಕಲರ್ ನೀರಲ್ಲಿ ಕರಗುವಂಥದ್ದು. ಪಾಲಿಶ್‌ನಲ್ಲಿ ಕರಗದೆ ಹನಿಹನಿಯಾಗಿ ನಿಲ್ಲುತ್ತದೆ. ಹೋಳಿ ಬಣ್ಣ, ಕುಂಕುಮ ಬೇಡವೇ ಬೇಡ. ಅವುಗಳ ಡೈ ಪಾಲಿಶ್‌ನಲ್ಲಿ ಕರಗಿ ಉಗುರಿಗೇ ಇಳಿದು ಕಲೆ ಮಾಡಬಹುದು. ರಂಗೋಲಿ ಪುಡಿ ಕಲ್ಲಿನ ಪುಡಿ, ಎಷ್ಟು ಜರಡಿ ಹಿಡಿದರೂ ತರಿತರಿ. ಬ್ರಷ್ ಎಳೆದ ಕಡೆ ಗೀರು ಬೀಳುತ್ತದೆ.

ನಮ್ಮ ಕಡೆ ಇನ್ನೊಂದು ಪ್ರಶ್ನೆ ಬರುತ್ತದೆ: ಕೆಮ್ಮಣ್ಣು ಹಾಕಬಹುದಾ? ಹೊಸದುರ್ಗ, ಹೊಳಲ್ಕೆರೆ ಸೀಮೆಯ ಕಬ್ಬಿಣದ ಅದಿರಿನ ಮಣ್ಣು ನೋಡಿದವರಿಗೆ ಈ ಆಸೆ ಬರುವುದು ಸಹಜ. ಪ್ರಶ್ನೆ ದಡ್ಡತನದ್ದಲ್ಲ. ಪಾಲಿಶ್, ಲಿಪ್‌ಸ್ಟಿಕ್‌ಗಳ ಕಂದುಗೆಂಪಿಗೆ ಕಂಪನಿಯವರು ಹಾಕುವುದೂ ಐರನ್ ಆಕ್ಸೈಡೇ, ಕೆಮ್ಮಣ್ಣಿನ ಕೆಂಪೂ ಅದರದ್ದೇ. ಆದರೆ ಅವರದ್ದು ಕಾರ್ಖಾನೆಯಲ್ಲಿ ತಯಾರಾದದ್ದು. ಸೀಸ, ಆರ್ಸೆನಿಕ್ ಎಷ್ಟಿದೆ ಅಂತ ಪರೀಕ್ಷೆ ಆಗಿರುತ್ತದೆ, ಕಣವೂ ತುಂಬಾ ನುಣುಪು. ಹೊಲದ ಮಣ್ಣಿನಲ್ಲಿ ಮರಳಿದೆ, ಜೇಡಿ ಇದೆ, ಇನ್ನೂ ಏನೇನೋ. ಅಂಗಳ ಸಾರಿಸಲು, ಗೋಡೆಗೆ ಕಾರಣೆ ಹಾಕಲು ಅದು ಇರಲಿ. ಆ ಬಣ್ಣವೇ ಬೇಕೆಂದರೆ ಕಾಸ್ಮೆಟಿಕ್ ಐರನ್ ಆಕ್ಸೈಡ್ ಸಣ್ಣ ಪೊಟ್ಟಣದಲ್ಲಿ ಆನ್‌ಲೈನ್‌ನಲ್ಲಿ ಸಿಗುತ್ತದೆ.

ಸ್ಟೇಷನರಿ ಅಂಗಡಿಯ ಮಿಂಚು ಪುಡಿಯನ್ನು ಹಾಕುವ ಮೊದಲು ಒಂದು ಪರೀಕ್ಷೆ ಮಾಡಿ. ಸಣ್ಣ ಗಾಜಿನ ಬಾಟ್ಲಿಯಲ್ಲಿ ಚಿಟಿಕೆ ಮಿಂಚಿಗೆ ರಿಮೂವರ್ ಸುರಿದು, ಮುಚ್ಚಿ, ಒಂದು ರಾತ್ರಿ ಬಿಡಿ. ಬೆಳಗ್ಗೆ ರಿಮೂವರ್ ಬಣ್ಣವಾಗಿದ್ದರೆ, ಅಥವಾ ಮಿಂಚು ಸುರುಳಿ ಸುತ್ತಿದ್ದರೆ ಅದು ಮಕ್ಕಳ ಪ್ರಾಜೆಕ್ಟಿಗೆ ಮಾತ್ರ.

ಬೆರೆಸುವ ಕ್ರಮ ಸುಲಭ. ಕ್ಲಿಯರ್ ಬಾಟ್ಲಿಯಿಂದ ಕಾಲು ಭಾಗ ಬೇರೆ ಬಾಟ್ಲಿಗೆ ತೆಗೆದಿಡಿ, ಕುಲುಕಲು ಜಾಗ ಬೇಕಲ್ಲ. ಕಾಗದವನ್ನು ಶಂಕುವಿನಂತೆ ಸುತ್ತಿ ಪುಡಿಯನ್ನು ಚಿಟಿಕೆ ಚಿಟಿಕೆಯಾಗಿ ಇಳಿಸಿ. 10 ಮಿಲಿ ಬಾಟ್ಲಿಗೆ ಕಾಲು ಟೀ ಚಮಚ ದಾಟಬೇಡಿ. ಪುಡಿ ಜಾಸ್ತಿಯಾದರೆ ಹಿಡಿದಿಡಲು ಅಂಟು ಸಾಲದೆ ಒಣಗಿದ ಮೇಲೆ ಮಂಕಾಗುತ್ತದೆ, ಬೇಗ ಉದುರುತ್ತದೆ. ಒಳಗೆ ಎರಡು ಸ್ಟೇನ್‌ಲೆಸ್ ಸ್ಟೀಲ್ ಗುಂಡು ಹಾಕಿ. ಸೈಕಲ್ ಅಂಗಡಿಯ ಬೇರಿಂಗ್ ಗುಂಡು ಬೇಡ, ತುಕ್ಕು ಹಿಡಿದು ಬಣ್ಣ ಕೆಡಿಸುತ್ತದೆ. ಮುಚ್ಚಳ ಬಿಗಿ ಮಾಡಿ ಚೆನ್ನಾಗಿ ಕುಲುಕಿ, ಒಂದು ರಾತ್ರಿ ಹಾಗೇ ಬಿಡಿ, ಗುಳ್ಳೆಗಳೆಲ್ಲ ಮೇಲೆ ಬಂದು ಒಡೆಯಲಿ. ಹಚ್ಚುವ ಮುಂಚೆ ಮತ್ತೆ ಕುಲುಕದೆ ಅಂಗೈಗಳ ನಡುವೆ ಉರುಳಿಸಿದರೆ ಸಾಕು.

ಇದರ ತಾಪತ್ರಯ ಎರಡು. ಒಂದು, ಪುಡಿ ತಳ ಕೂರುತ್ತದೆ. ಪ್ರತಿ ಸಲ ಉರುಳಿಸಬೇಕು, ಹಚ್ಚುವಾಗಲೂ ನಡುನಡುವೆ. ಇನ್ನೊಂದು, ಮೈಕಾ ಉಗುರನ್ನು ಪೂರ್ತಿ ಮುಚ್ಚುವುದಿಲ್ಲ, ಮೂರು ಕೋಟ್ ಹಚ್ಚಿದರೂ ಒಳಗಿನ ಉಗುರು ಇಣುಕುತ್ತದೆ. ಇದಕ್ಕೆ ಉಪಾಯ ಇದೆ. ಅದೇ ಛಾಯೆಯ ಯಾವುದಾದರೂ ಮಾಮೂಲಿ ಪಾಲಿಶ್ ಒಂದು ಕೋಟ್ ಕೆಳಗೆ ಹಚ್ಚಿ, ಮೇಲೆ ನಿಮ್ಮ ಮೈಕಾ. ಕಪ್ಪಿನ ಮೇಲೆ ಹಚ್ಚಿದರೆ ಅದೇ ಪುಡಿ ಬೇರೆಯೇ ಬಣ್ಣದಂತೆ ಹೊಳೆಯುತ್ತದೆ. ಒಂದು ಮದುವೆ, ಒಂದು ರಿಸೆಪ್ಷನ್ನಿಗೆ ಇಷ್ಟು ಧಾರಾಳ.

ಸಸ್ಪೆನ್ಷನ್ ಬೇಸ್: ಹುಚ್ಚು ಹಿಡಿದವರಿಗೆ

ಪುಡಿ ತಳ ಕೂರುವ ಕಾಟವೇ ಬೇಡ ಅಂದರೆ ಸಸ್ಪೆನ್ಷನ್ ಬೇಸ್ ತರಿಸಬೇಕು. ಇದೂ ಬಣ್ಣವಿಲ್ಲದ ಪಾಲಿಶ್ಶೇ, ಆದರೆ ಇದರಲ್ಲಿ ಸ್ಟಿಯರಾಲ್ಕೋನಿಯಂ ಹೆಕ್ಟೊರೈಟ್ ಅಥವಾ ಬೆಂಟೊನೈಟ್ ಅನ್ನುವ ಜೇಡಿ ಸೇರಿರುತ್ತದೆ. ಅಲ್ಲಾಡಿಸದೆ ಇಟ್ಟಾಗ ಗಟ್ಟಿಯಾಗಿ ಪುಡಿಯನ್ನು ಹಿಡಿದು ನಿಲ್ಲಿಸುತ್ತದೆ, ಕುಲುಕಿದಾಗ ತೆಳುವಾಗಿ ಬ್ರಷ್ಷಿಗೆ ಬರುತ್ತದೆ. ಫಲಿತಾಂಶ ಅಂಗಡಿಯದ್ದಕ್ಕೆ ಹತ್ತಿರ ಹತ್ತಿರ.

ಆದರೆ ಇದು ಊರ ಅಂಗಡಿಗಳಲ್ಲಿ ಕೇಳಿದರೆ ಸಿಗುವ ಸಾಮಾನಲ್ಲ, ಆನ್‌ಲೈನ್‌ನಲ್ಲೇ ತರಿಸಬೇಕು. ಬೇಸ್, ಪಿಗ್ಮೆಂಟ್, ಖಾಲಿ ಬಾಟ್ಲಿ, ಗುಂಡು ಎಲ್ಲ ಸೇರಿದರೆ ಖರ್ಚು ಕಮ್ಮಿ ಇಲ್ಲ. ಅಕ್ಕತಂಗಿಯರು, ಗೆಳತಿಯರು ಸೇರಿ ತಿಂಗಳಿಗೊಂದು ಬಣ್ಣ ಮಾಡುತ್ತೇವೆ ಅನ್ನುವಷ್ಟು ಹುಚ್ಚಿದ್ದರೆ ಸರಿ. ಒಂದೇ ಬಣ್ಣಕ್ಕಾಗಿ ಇಷ್ಟೆಲ್ಲ ತರಿಸುವುದಾದರೆ ನಾನು ಬೇಡ ಅನ್ನುತ್ತೇನೆ.

ಮಕ್ಕಳಿಗೆ, ಮತ್ತು ಬೀಟ್‌ರೂಟ್ ನಂಬುವವರಿಗೆ

ಬಿಳಿ ಅಂಟಿಗೆ ಪೋಸ್ಟರ್ ಕಲರ್ ಬೆರೆಸಿ ಮಕ್ಕಳ ಉಗುರಿಗೆ ಹಚ್ಚುವುದುಂಟು. ಸ್ಕೂಲ್ ಡೇ ಡ್ಯಾನ್ಸಿಗೆ ಒಂದು ಸಂಜೆ ನಿಲ್ಲುತ್ತದೆ, ಕೈ ತೊಳೆದರೆ ಹೋಗುತ್ತದೆ. ಬೆರಳು ಚೀಪುವ ಮಗುವಿಗೆ ಮಾತ್ರ ಇದೂ ಬೇಡ.

ಬೀಟ್‌ರೂಟ್ ರಸ, ಅರಿಶಿನ, ಜೇನುಮೇಣ ಎಲ್ಲ ಸೇರಿಸಿದ ನ್ಯಾಚುರಲ್ ಪಾಲಿಶ್ ಬಗ್ಗೆ ಒಂದೇ ಮಾತು: ಅದು ಒಣಗುವುದೇ ಇಲ್ಲ. ಮೇಣ ಎಣ್ಣೆ ಉಗುರಿಗೆ ಒಳ್ಳೆಯ ಆರೈಕೆ, ಹೊಳಪೂ ಬರುತ್ತದೆ. ಬೀಟ್‌ರೂಟಿನ ಬಣ್ಣ ಮಾತ್ರ ಮೊದಲ ಒಗೆತಕ್ಕೇ ಹೋಗುತ್ತದೆ.

ಯಾವುದೇ ಆಗಲಿ, ಹಚ್ಚುವಾಗ

ಉಗುರಿನಲ್ಲಿ ಎಣ್ಣೆ ಇದ್ದರೆ ಯಾವ ಪಾಲಿಶ್ಶೂ ಹಿಡಿಯುವುದಿಲ್ಲ. ಬೆಣ್ಣೆದೋಸೆ ತಿಂದು, ಕಾಗದಕ್ಕೆ ಕೈ ಒರೆಸಿ ಹಚ್ಚಲು ಕೂತರೆ ಮರುದಿನವೇ ಸಿಪ್ಪೆ ಎದ್ದ ಹಾಗೆ ಬರುತ್ತದೆ. ಮೊದಲು ರಿಮೂವರ್ ಹತ್ತಿಯಿಂದ ಒರೆಸಿ, ಬೇಸ್ ಕೋಟ್, ಅಂದರೆ ಬಣ್ಣಕ್ಕೆ ಮುಂಚಿನ ಬಣ್ಣವಿಲ್ಲದ ಪದರ, ಹಚ್ಚಿ. ಕೆಂಪು, ಗಾಢ ನೀಲಿ ಬಣ್ಣಗಳಿಗೆ ಬೇಸ್ ಕೋಟ್ ಬೇಕೇ ಬೇಕು, ಇಲ್ಲದಿದ್ದರೆ ತೆಗೆದ ಮೇಲೆ ಉಗುರು ಹಳದಿ. ದಿನಾ ಅಡುಗೆ ಮಾಡುವವರು ಬಿಳಿ, ತಿಳಿ ಗುಲಾಬಿ ಮಾಡಿಕೊಂಡರೆ ಅರಿಶಿನ ಎರಡೇ ದಿನದಲ್ಲಿ ಅದನ್ನು ಹಳದಿ ಮಾಡುತ್ತದೆ. ಅವರಿಗೆ ಇಟ್ಟಿಗೆ ಕೆಂಪು, ಕಂದು, ಮರೂನ್ ಒಳ್ಳೆಯದು.

ಏಪ್ರಿಲ್ ಬಿಸಿಲಲ್ಲಿ ಫ್ಯಾನಿನ ಕೆಳಗೆ ಕೂತು ದಪ್ಪಗೆ ಹಚ್ಚಬೇಡಿ. ಮೇಲ್ಪದರ ಮೊದಲು ಒಣಗಿ, ಒಳಗಿನ ಆವಿ ಹೊರಬರಲಾಗದೆ ಗುಳ್ಳೆ ಏಳುತ್ತದೆ. ತೆಳುವಾಗಿ ಎರಡು ಕೋಟ್, ನಡುವೆ ಸ್ವಲ್ಪ ಬಿಡುವು.

ನರ್ಸಿಂಗ್ ಓದುವವರಿಗೆ ಕೆಲಸದ ವೇಳೆ ಪಾಲಿಶ್ ನಡೆಯುವುದಿಲ್ಲ. ಆಪರೇಷನ್ ಇದ್ದವರಿಗೂ ತೆಗೆದು ಬನ್ನಿ ಅನ್ನುತ್ತಾರೆ, ಯಾಕೆಂದರೆ ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್‌ಗೆ ಗಾಢ ಬಣ್ಣ ಅಡ್ಡ ಬರಬಹುದು. ಗೋರಂಟಿಯನ್ನು ತೆಗೆಯಲು ಆಗದು. ಹೆರಿಗೆಯೋ ಆಪರೇಷನ್ನೋ ಹತ್ತಿರ ಇದ್ದರೆ ಒಂದೆರಡು ಬೆರಳು ಖಾಲಿ ಬಿಟ್ಟಿರಿ.

ಬೆಂಕಿಯ ವಿಷಯ ಲಘುವಾಗಿ ತಗೊಳ್ಳಬೇಡಿ. ಈಥೈಲ್ ಅಸಿಟೇಟ್‌ನ ಫ್ಲ್ಯಾಶ್ ಪಾಯಿಂಟ್ ಮೈನಸ್ 4 ಡಿಗ್ರಿ ಸೆಲ್ಸಿಯಸ್. ಅಂದರೆ ನಮ್ಮ ಊರಿನ ಎಂಥ ಚಳಿಗೂ ಅದರ ಆವಿ ಕಿಡಿ ತಾಗಿದರೆ ಹೊತ್ತಿಕೊಳ್ಳುತ್ತದೆ. ಆವಿ ಗಾಳಿಗಿಂತ ಭಾರ, ನೆಲದ ಮೇಲೇ ಹರಿಯುತ್ತದೆ. ಗ್ಯಾಸ್ ಒಲೆ, ದೇವರ ದೀಪ, ಸೊಳ್ಳೆ ಬತ್ತಿ ಇರುವ ಕೋಣೆಯಲ್ಲಿ ಬೆರೆಸಬೇಡಿ. ಕರೆಂಟ್ ಹೋಯಿತು ಅಂತ ಮೇಣದಬತ್ತಿ ಹಚ್ಚಿ ಮುಂದುವರಿಸಬೇಡಿ. ಹಗಲು ಹೊತ್ತು, ಕಿಟಕಿ ತೆರೆದು, ಮಕ್ಕಳು ಆಚೆ ಇದ್ದಾಗ ಮಾಡಿ.

ಚೆನ್ನಾಗಿ ಬಂದರೆ ಮಾರುವ ಆಸೆ ಹುಟ್ಟುತ್ತದೆ. ಗೆಳತಿಗೆ ಒಂದು ಬಾಟ್ಲಿ ಕೊಡುವುದು ಬೇರೆ, ಮಾರಲು ತಯಾರಿಸುವುದು ಬೇರೆ. 1940ರ ಔಷಧ ಮತ್ತು ಕಾಸ್ಮೆಟಿಕ್ಸ್ ಕಾಯ್ದೆ, 2020ರ ಕಾಸ್ಮೆಟಿಕ್ಸ್ ನಿಯಮಗಳ ಪ್ರಕಾರ ಮಾರಾಟಕ್ಕೆ ತಯಾರಿಸಲು ಲೈಸೆನ್ಸ್ ಬೇಕು. ಸಂಘದ ಹೆಸರಿನಲ್ಲಿ ಮಾಡಿದರೂ ಅಷ್ಟೇ.

ಬೆರೆಸಿ ಉಳಿದದ್ದನ್ನು ಸಿಂಕಿಗೆ, ಚರಂಡಿಗೆ ಸುರಿಯಬೇಡಿ. ಹಳೆ ಪೇಪರ್ ಮೇಲೆ ಹರಡಿ, ಮಹಡಿ ಮೇಲೆ ನೆರಳಿನಲ್ಲಿ ಪೂರ್ತಿ ಒಣಗಲು ಬಿಟ್ಟು, ಆಮೇಲೆ ಒಣಕಸದ ಗಾಡಿಗೆ ಹಾಕಿ.